ಬಣವೆಯಲ್ಲಿ ಬೆಂದ ಬಾಳೆಗೊನೆ

ನನಗೆ ಬಿಸಿಯ ಭಯ. ಬೆಂಕಿಯ ಭಯ ಎಲ್ಲರಿಗೂ ಇರುತ್ತದೆ, ಅದನ್ನು ಹೇಳುತ್ತಿಲ್ಲ. ಯಾರೂ ಒಲೆ ಹಚ್ಚದ ಕಡೆ, ಕಡ್ಡಿ ಗೀರದ ಕಡೆ, ತನ್ನಷ್ಟಕ್ಕೆ ತಾನೇ ಹುಟ್ಟಿಕೊಳ್ಳುವ ಬಿಸಿ ಇದೆಯಲ್ಲ, ಅದರ ಭಯ. ಬೆಳಿಗ್ಗೆ ಗೊಬ್ಬರದ ಗುಂಡಿಯ ಮೇಲೆ ಹಬೆ ಆಡುವುದು ಕಂಡರೆ ಸುತ್ತು ಬಳಸಿ ಹೋಗುತ್ತೇನೆ. ಶಿರಸಿಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವ ಹೆಂಗಸು ಗೊಬ್ಬರದ ಗುಂಡಿಗೆ ಹೆದರುತ್ತಾಳೆ ಅಂದರೆ ನಗು ಬರುವಂಥದ್ದೇ. ನಗುವವರು ನಗಲಿ, ನನಗೇನು. ಈ ಭಯ ಮೊದಲಿನಿಂದ ಇದ್ದದ್ದಲ್ಲ, ಒಂದು ಚಳಿಗಾಲದಲ್ಲಿ ಹಿಡಿದದ್ದು.

ನನ್ನ ತವರು ಬನವಾಸಿಯ ಹತ್ತಿರದ ಒಂದು ಹಳ್ಳಿ. ಭತ್ತ, ಶುಂಠಿ, ಒಂದಿಷ್ಟು ಅನಾನಸು. ಅಪ್ಪ ತೀರಿಕೊಂಡ ಮೇಲೆ ಬೇಸಾಯವೆಲ್ಲ ತಮ್ಮನದು. ಮನೆಯಲ್ಲಿ ಅವ್ವ, ತಮ್ಮ, ಅವನ ಹೆಂಡತಿ. ನಾನು ಹೇಳುತ್ತಿರುವ ಚಳಿಗಾಲದಲ್ಲಿ ತಮ್ಮನ ಹೆಂಡತಿ ಬಾಣಂತನಕ್ಕೆಂದು ಎಕ್ಕಂಬಿಯ ತನ್ನ ತವರಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿ, ತೊಟ್ಟಿಲ ಕಾರ್ಯ ಹತ್ತಿರ ಬಂದಿತ್ತು. ತಮ್ಮ ಕೂಸನ್ನು ಒಂದು ಸಲ ನೋಡಿ ಬಂದವನು ಮೊಬೈಲಿನಲ್ಲಿ ಅದರ ಫೋಟೋ ಇಟ್ಟುಕೊಂಡು ಊರವರಿಗೆಲ್ಲ ತೋರಿಸಿ ಬೇಸರ ತರಿಸಿದ್ದ.

ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ನಾನು ತವರಿಗೆ ಹೋಗುವುದಕ್ಕೆ ಒಂದು ನೆಪ ಇದೆ. ನಮ್ಮ ಬಣವೆಯ ಒಳಗಿನಿಂದ ಹುಲ್ಲು ಒಂದು ಹಿಡಿ ಕಿತ್ತು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ, ಕಾಲೇಜಿಗೆ ತರುತ್ತೇನೆ. ಆ ಹುಲ್ಲು ತೊಳೆದ ನೀರನ್ನು, ಜೀವಿಗಳನ್ನು ಬೆಳೆಸುವ ಅಗರ್ ತಟ್ಟೆಯ ಮೇಲೆ ಸವರಿ, ಐವತ್ತೈದು ಡಿಗ್ರಿಯ ಪೆಟ್ಟಿಗೆಯೊಳಗೆ ಇಡುತ್ತೇವೆ. ನಮ್ಮ ಮೈಬಿಸಿಯಲ್ಲಿ ಸುಖವಾಗಿರುವ ಮಾಮೂಲಿ ಜೀವಿಗಳು ಅಲ್ಲಿ ಬೆಳೆಯುವ ಮಾತಿಲ್ಲ. ಆದರೂ ಒಂದೆರಡು ದಿನ ಬಿಟ್ಟು ಬಾಗಿಲು ತೆಗೆದರೆ ತಟ್ಟೆಯ ತುಂಬ ಸುಣ್ಣದ ಪುಡಿ ಚೆಲ್ಲಿದ ಹಾಗೆ ಬಿಳಿ ಬಿಳಿ ಚುಕ್ಕೆಗಳು ಎದ್ದಿರುತ್ತವೆ. ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಬರುವ ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಯಲ್ಲಾಪುರದ ಒಬ್ಬಳು ಒಮ್ಮೆ ಕೇಳಿದ್ದಳು, "ಮೇಡಂ, ಇವಕ್ಕೆ ಸೆಕೆ ಆಗ್ತಿಲ್ಯಾ?"

ಸೆಕೆ ಆಗುವುದಿಲ್ಲ. ಅವುಗಳಿಗೆ ಚಳಿಯಾಗುವುದು ನಾವು ಹಾಯಾಗಿರುವ ಜಾಗದಲ್ಲಿ. ಮಾಮೂಲಿ ಜೀವಿಯ ಮೈಯೊಳಗಿನ ಪ್ರೋಟೀನು ಬಿಸಿಗೆ ಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟಿ ಕೆಲಸಕ್ಕೆ ಬಾರದಂತಾಗುತ್ತದೆ. ಇವುಗಳ ಪ್ರೋಟೀನಿಗೆ ಒಳಗೊಳಗೇ ಗಂಟು ಹೆಚ್ಚು, ಬಿಗಿ ಹೆಚ್ಚು. ತಣ್ಣಗಿದ್ದಾಗ ಆ ಬಿಗಿಯಿಂದಲೇ ಅದು ಮಿಸುಕಾಡುವುದಿಲ್ಲ. ಕಾವು ಏರಿದಾಗ ಸಡಿಲಗೊಂಡು ಕೆಲಸಕ್ಕೆ ಇಳಿಯುತ್ತದೆ. ಮೈಯ ಹೊದಿಕೆಯ ಕೊಬ್ಬೂ ಅಷ್ಟೆ, ಬೇಗ ಕರಗದ ಜಾತಿಯದನ್ನೇ ಆರಿಸಿಕೊಂಡಿರುತ್ತವೆ. ಇನ್ನು ಊಟ ಅರಗಿಸುವ ದಾರಿಯಲ್ಲಿ ಕೆಲವು ಪದಾರ್ಥಗಳಿವೆ, ಬಿಸಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ತಾವೇ ಮುರಿದು ಹಾಳಾಗುವಂಥವು. ಅವನ್ನು ಕಾಯಲು ಬಿಡದೆ, ಹಂಚಿನಿಂದ ತೆಗೆದ ರೊಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿದಂತೆ, ಒಂದು ಕಿಣ್ವ ಇನ್ನೊಂದಕ್ಕೆ ದಾಟಿಸಿಬಿಡುತ್ತದೆ. ಸುಟ್ಟು ಹಾಳಾದದ್ದನ್ನು ರಿಪೇರಿ ಮಾಡುವ ಕೆಲಸ ಬೇರೆ, ಅದು ಮುಗಿಯುವುದೇ ಇಲ್ಲ. ಇದನ್ನೆಲ್ಲ ನಾನು ಎಷ್ಟು ಪ್ರೀತಿಯಿಂದ ಹೇಳುತ್ತಿದ್ದೆ ಅಂದರೆ, ಹುಡುಗಿಯರು ನನಗೆ ಹಿಂದಿನಿಂದ ಬಣವೆ ಮೇಡಂ ಅಂತ ಹೆಸರಿಟ್ಟಿದ್ದರು.

ಆ ವರ್ಷ ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯಿತು. ಗದ್ದೆಯಲ್ಲಿ ಬಿದ್ದ ಹುಲ್ಲು ನೆನೆಯಿತು, ಅರ್ಧಂಬರ್ಧ ಒಣಗಿತು, ಮತ್ತೆ ಮೋಡ ಕಟ್ಟಿತು. ಇನ್ನೊಂದು ಮಳೆ ಬಿದ್ದರೆ ದನಗಳಿಗೆ ವರ್ಷದ ಮೇವಿಲ್ಲ ಎಂದು ತಮ್ಮ ಹಸಿ ಹುಲ್ಲನ್ನೇ ತಂದು ಬಣವೆ ಒಟ್ಟಿದ. ಹಸಿ ಇದ್ದರೆ ಪದರದ ನಡುವೆ ಉಪ್ಪು ಎರಚುವುದು ನಮ್ಮ ಕಡೆಯ ರೂಢಿ, ಉಪ್ಪು ಎರಚಿದ. ಮೇಲೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿದ. ಅಪ್ಪನ ಕಾಲದಲ್ಲಿ ಬಣವೆಗೆ ಉದ್ದನೆಯ ಕಬ್ಬಿಣದ ಸಲಾಕೆಯೊಂದನ್ನು ಚುಚ್ಚಿ ಬಿಡುತ್ತಿದ್ದರು. ದಿನಾ ಬೆಳಿಗ್ಗೆ ಅದನ್ನು ಎಳೆದು, ತುದಿಯನ್ನು ಅಂಗೈ ಮೇಲೆ ಇಟ್ಟು ನೋಡುತ್ತಿದ್ದರು. ಹಿಡಿಯಲಾಗದಷ್ಟು ಬಿಸಿ ಇದ್ದರೆ ಆ ದಿನ ಬಣವೆ ಬಿಚ್ಚಿ ಹರವುವುದು ಬಿಟ್ಟು ಬೇರೆ ಕೆಲಸವೇ ಇಲ್ಲ. ಆ ಸಲಾಕೆಯನ್ನು ನನ್ನ ತಮ್ಮ ಶುಂಠಿ ಹೊಲದ ಗೇಟಿಗೆ ಬೆಸುಗೆ ಹಾಕಿಸಿಬಿಟ್ಟಿದ್ದ. ಚೆನ್ನಾಗಿ ಕಾಣುತ್ತದಂತೆ.

ಭಾನುವಾರ ಮೊದಲ ಬಸ್ಸಿಗೇ ಹೋದೆ. ಹಿತ್ತಲಿಗೆ ಬಂದರೆ ಅವ್ವ ಬಣವೆಯ ಬುಡದಲ್ಲಿ ಮಣೆ ಹಾಕಿಕೊಂಡು, ಬಣವೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೂತಿದ್ದಾಳೆ. ಮಂಜು ಇನ್ನೂ ಕರಗಿರಲಿಲ್ಲ. ಅವಳ ಸೊಂಟನೋವು ಹಳೆಯದು, ಚಳಿಗೆ ಹೆಚ್ಚಾಗುತ್ತದೆ.

"ಬಾ ಯವ್ವಾ, ಕುಂದ್ರು. ಬೆನ್ನಿಗೆ ಎಷ್ಟ ಹಿತ ಆಗ್ತೈತಿ ನೋಡು. ಈ ವರ್ಷ ಬಣವಿ ಭಾಳ ಚಲೋ ಕಾವು ಕೂತೈತಿ."

ಕೂತೆ. ನಿಜಕ್ಕೂ ಹಿತವಾಗಿತ್ತು. ಬಸ್ಸಿನಲ್ಲಿ ಚಳಿಗೆ ಮರಗಟ್ಟಿದ್ದ ಬೆನ್ನು ಸಡಿಲವಾಯಿತು. ಅವ್ವನ ಕೈಯ ಚಹಾ ಕುಡಿಯುತ್ತ, ಒಳಗೆ ನನ್ನ ಬಿಳಿ ಚುಕ್ಕೆಗಳು ಜೋರಾಗಿ ಕೆಲಸ ನಡೆಸಿವೆ ಅಂದುಕೊಂಡೆ. ಹಸಿ ಹುಲ್ಲಿನ ಸಕ್ಕರೆ ತಿಂದು ಮೊದಲು ಮಾಮೂಲಿ ಜೀವಿಗಳು ಕಾವು ಎಬ್ಬಿಸುತ್ತವೆ, ಆ ಕಾವಿಗೆ ತಾವೇ ಸಾಯುತ್ತವೆ. ಆಮೇಲೆ ಅಲ್ಲಿಯ ತನಕ ಮಲಗಿದ್ದ ಬಿಸಿಯ ಜೀವಿಗಳು ಎದ್ದು ಯಜಮಾನಿಕೆ ವಹಿಸಿಕೊಳ್ಳುತ್ತವೆ. ತರಗತಿಯಲ್ಲಿ ಹೇಳುವ ಮಾತಿಗೆ ನಾನು ಬೆನ್ನು ಕೊಟ್ಟು ಕೂತಿದ್ದೆ.

"ತೊಟ್ಟಿಲಕ್ಕ ಅಂತ ಬಾಳಿಗೊನಿ ಅಡಿ ಹಾಕೇನಿ" ಎಂದು ಅವ್ವ ಎದ್ದಳು. ಕಾಯಿಯನ್ನು ಹುಲ್ಲಿನೊಳಗೆ ಹುಗಿದು ಹಣ್ಣು ಮಾಡುವುದಕ್ಕೆ ನಮ್ಮಲ್ಲಿ ಅಡಿ ಹಾಕುವುದು ಅನ್ನುತ್ತಾರೆ. ಬೇರೆ ವರ್ಷ ಅಟ್ಟದ ಮೇಲಿನ ಡಬ್ಬಿಯಲ್ಲಿ ಒಣಹುಲ್ಲು ತುಂಬಿ ಹಾಕುತ್ತಿದ್ದಳು. ಈ ಸಲ ಬಣವೆಯೇ ಬೆಚ್ಚಗಿದೆಯಲ್ಲ, ಬೇಗ ಹಣ್ಣಾಗುತ್ತದೆಂದು ಪಕ್ಕದಲ್ಲಿ ತೋಳು ಹೋಗುವಷ್ಟು ಗವಿ ಕೊರೆದು, ಗೋಣಿಯಲ್ಲಿ ಸುತ್ತಿದ ಗೊನೆಯನ್ನು ಅದರೊಳಗೆ ತಳ್ಳಿದ್ದಳು. ಮೊದಲು ಒಂದು ಚಿಪ್ಪು ಹಾಕಿ ನೋಡಿದ್ದಳಂತೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹಣ್ಣಾಗಿತ್ತಂತೆ. ಆಮೇಲೆ ದಿನಾ ಕೈ ಹಾಕಿ ನೋಡುವುದು, ಗವಿ ದೊಡ್ಡದಾಗುವುದು.

ಅವ್ವ ಗೋಣಿಯ ತುದಿ ಹಿಡಿದು ಎಳೆದಳು. "ಹಾ!" ಎಂದು ಕೈ ಬಿಟ್ಟಳು. ಸೆರಗು ಸುತ್ತಿಕೊಂಡು ಮತ್ತೆ ಎಳೆದಳು. ಗೋಣಿಯಿಂದ ಹಬೆ ಎದ್ದಿತು. ಒಳಗಿನ ಬಾಳೆ ಕಪ್ಪಗಾಗಿ, ಸಿಪ್ಪೆ ಸೀಳಿ, ಮೆತ್ತಗೆ ಬೆಂದು ಹೋಗಿತ್ತು.

"ಯವ್ವಾ ಯವ್ವಾ, ಬಾಳಿಹಣ್ಣು ಬೆಂದಾವಲ್ಲ!"

ಸದ್ದು ಕೇಳಿ ಹಲ್ಲುಜ್ಜುತ್ತಲೇ ಬಂದ ತಮ್ಮ ಬಿದ್ದು ಬಿದ್ದು ನಕ್ಕ. "ಅವ್ವಾ, ನಾಳಿಂದ ಗ್ಯಾಸ್ ಬ್ಯಾಡ, ಅನ್ನಾನೂ ಇಲ್ಲೇ ಇಡು" ಅಂದ. ಅವ್ವನೂ ನಕ್ಕಳು. ನಾನೂ ನಗುವುದಕ್ಕೆ ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಆ ಗವಿಯಿಂದ ವಾಸನೆ ಬಂತು. ಮೊದಲು ಆಲೆಮನೆಯ ಬೆಲ್ಲದ ವಾಸನೆ. ಅದರ ಹಿಂದೆಯೇ ಬೀಡಿ ಸೇದುವವರ ಬಾಯಿಯ ವಾಸನೆ.

ಹುಲ್ಲು ತರುವ ಚೀಲದಲ್ಲಿ ಪ್ರಯೋಗಾಲಯದ ಥರ್ಮಾಮೀಟರ್ ಇತ್ತು. ಅದನ್ನು ಬಿದಿರು ಕೋಲಿನ ತುದಿಗೆ ಕಟ್ಟಿ ಗವಿಯೊಳಗೆ ತಳ್ಳಿದೆ. ಸ್ವಲ್ಪ ಹೊತ್ತು ಬಿಟ್ಟು ಎಳೆದು ನೋಡಿದರೆ ಎಂಬತ್ತು ದಾಟಿ ಇನ್ನೂ ಮೇಲಿದೆ.

ಇದನ್ನು ಬಿಡಿಸಿ ಹೇಳಬೇಕು, ನನಗೆ ಯಾಕೆ ಅಷ್ಟು ಹೆದರಿಕೆಯಾಯಿತು ಅಂತ. ನನ್ನ ಬಿಳಿ ಚುಕ್ಕೆಗಳಿಗೆ ಐವತ್ತು ಅರವತ್ತು ಡಿಗ್ರಿ ಹಬ್ಬ. ಎಪ್ಪತ್ತಕ್ಕೆ ಒದ್ದಾಡುತ್ತವೆ. ಬಿಸಿ ನೀರಿನ ಬುಗ್ಗೆಗಳಲ್ಲಿ ಇನ್ನೂ ಗಟ್ಟಿ ಜಾತಿಯವು ಇವೆ, ಆದರೆ ಹುಲ್ಲಿನ ಬಣವೆಯಲ್ಲಿ ಅಂಥವಕ್ಕೆ ಮನೆಯಿಲ್ಲ. ಎಂಬತ್ತು ದಾಟಿತೆಂದರೆ ಒಳಗೆ ಕಾವು ಎಬ್ಬಿಸಿದವರೆಲ್ಲ ಸತ್ತಿದ್ದಾರೆ. ಹಾಗಾದರೆ ಈಗ ಕಾಯಿಸುತ್ತಿರುವುದು ಯಾರು? ಯಾರೂ ಅಲ್ಲ. ಹುಲ್ಲೇ ಗಾಳಿಯ ಜೊತೆ ಸೇರಿ ತನ್ನನ್ನು ತಾನು ಸುಡುತ್ತಿದೆ. ಜೀವ ಇರುವುದಾದರೆ ಅದಕ್ಕೆ ಒಂದು ಮಿತಿ ಇರುತ್ತದೆ, ಹಸಿವು ತೀರಿದರೆ, ಬಿಸಿ ಮಿತಿಮೀರಿದರೆ ನಿಲ್ಲುತ್ತದೆ. ಇದಕ್ಕೆ ನಿಲ್ಲುವುದು ಗೊತ್ತಿಲ್ಲ. ಒಳಗೆ ಕೆಂಡವಾಗಿ ತಿನ್ನುತ್ತ ಹೋಗುತ್ತದೆ, ಟೊಳ್ಳು ಮಾಡುತ್ತದೆ, ಮೇಲಿನ ಹುಲ್ಲು ಮಾತ್ರ ಹೊಸದರ ಹಾಗೆ ಕಾಣುತ್ತದೆ. ಗಾಳಿ ಸಿಕ್ಕ ಕ್ಷಣ ಹೊತ್ತಿಕೊಳ್ಳುತ್ತದೆ. ಅವ್ವ ದಿನಾ ಕೈ ಹಾಕಿ ಆ ಗಾಳಿಗೆ ದಾರಿ ಮಾಡಿಕೊಟ್ಟಿದ್ದಳು.

"ಯಾರೂ ಮುಟ್ಟಬ್ಯಾಡ್ರಿ! ಅವ್ವಾ, ದನ ಬಿಚ್ಚು, ಕೆರಿ ಕಡೆ ಹೊಡಿ. ಲೇ ತಮ್ಮಾ, ತಾಡಪತ್ರಿ ತಗೀಬ್ಯಾಡ. ಫೈರಿನವರು ಬರೋ ತನಕ ಹತ್ರ ಹೋಗಬ್ಯಾಡ. ಮ್ಯಾಲಂತೂ ಹತ್ತಲೇಬ್ಯಾಡ, ಒಳಗ ಟೊಳ್ಳಾಗಿರ್ತೈತಿ."

"ಏ, ಸುಮ್ನಿರ ಅಕ್ಕ. ಉಪ್ಪು ಹೊಡದೇನಿ, ಏನಾಗಂಗಿಲ್ಲ. ಬಿಚ್ಚಿ ಹರವಿದ್ರ ತಣ್ಣಗಾಗ್ತೈತಿ."

"ಉಪ್ಪು ನಿನ್ನ ತಲಿಗೆ ಹಾಕ್ಕೋ! ಗಾಳಿ ಆಡಿದ್ರ ಹೊತ್ತತೈತಿ ಅಂತ ಹೇಳಾಕತ್ತೇನಿ!"

ನಾನು ಕೂಗಿದ್ದು ಜೋರಾಯಿತು ಅಂತ ಕಾಣುತ್ತದೆ, ಅವನ ಮುಖ ಗಂಟಿಕ್ಕಿತು. ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಕೆರೆಯ ಏರಿಯ ಮೇಲೆ ನಿಂತರೆ ಸಿಗುತ್ತದೆ. ಸೀರೆ ಎತ್ತಿ ಕಟ್ಟಿ ಓಡಿದೆ. ಅಗ್ನಿಶಾಮಕದವರಿಗೆ ದಾರಿ ಹೇಳಿದೆ. ಶಿರಸಿಯಿಂದ ಅವರು ಬರುವುದಕ್ಕೆ ಹೊತ್ತು ಬೇಕು. ಬರುವಾಗ ದಾರಿಯಲ್ಲಿ ಪಕ್ಕದ ಮನೆಯವರಿಗೆ ಪಂಪು ತನ್ನಿ, ಪೈಪು ತನ್ನಿ ಎಂದು ಕಿರುಚಿದೆ. ಅವರಿಗೆ ನನಗೇನೋ ಆಗಿದೆ ಅನ್ನಿಸಿರಬೇಕು.

ಹಿತ್ತಲಿಗೆ ತಿರುಗಿ ಬಂದರೆ ತಾಡಪತ್ರಿ ನೆಲದ ಮೇಲಿದೆ. ಏಣಿ ಬಣವೆಗೆ ಒರಗಿದೆ. ನನ್ನ ತಮ್ಮ ಬಣವೆಯ ನೆತ್ತಿಯ ಮೇಲೆ ನಿಂತು ಕೊಕ್ಕೆಯಿಂದ ಹುಲ್ಲು ಕಿತ್ತು ಕೆಳಗೆ ಎಸೆಯುತ್ತಿದ್ದಾನೆ.

ಕೂಗಿದರೆ ತಿರುಗುತ್ತಾನೆ, ತಿರುಗಿದರೆ ಕಾಲಿನ ಭಾರ ಒಂದೇ ಕಡೆ ಬೀಳುತ್ತದೆ ಅನ್ನಿಸಿತು. ಅವನು ನಿಂತ ಜಾಗದ ಕೆಳಗೆ ಏನಿದೆ ಅಂತ ಅಲ್ಲಿದ್ದವರಲ್ಲಿ ನನಗೆ ಮಾತ್ರ ಗೊತ್ತಿತ್ತು. ಆ ತಿಳಿವಳಿಕೆ ಯಾಕಾದರೂ ಇತ್ತೋ. ಕೂಸಿನ ಮುಖ ಕಣ್ಣಿಗೆ ಬಂತು. ಆ ಕೂಸಿಗೆ ಅಪ್ಪ ಅನ್ನುವವನು ಮೊಬೈಲಿನ ಫೋಟೋ ಆಗಿಬಿಡುತ್ತಾನೆ ಅನ್ನಿಸಿತು.

"ತಮ್ಮಾ" ಎಂದೆ, ಮೆಲ್ಲಗೆ, ಅಂಗಲಾಚಿ. "ನನ್ನಪ್ಪ, ಮೆಲ್ಲಕ ಇಳಿದು ಬಾ. ನಿನ್ನ ಕಾಲಿಗೆ ಬೀಳ್ತೀನಿ."

ಅವನು ನೋಡಿ ನಕ್ಕ. ಅಕ್ಕ ಇಷ್ಟು ಮೆತ್ತಗೆ ಮಾತಾಡಿದ್ದು ಅವನು ಎಂದೂ ಕೇಳಿರಲಿಲ್ಲ. "ಎದಕ್ಕ ಹೆದರ್ತಿ? ನೋಡಿಲ್ಲೆ, ಎಷ್ಟ ಗಟ್ಟಿ ಐತಿ" ಎಂದು ಕಾಲೆತ್ತಿ ದಪ್ಪನೆ ಊರಿದ.

ಕಾಲು ಒಳಗೆ ಹೋಯಿತು. ಮೊದಲು ಮೊಣಕಾಲಿನವರೆಗೆ, ಆಮೇಲೆ ತೊಡೆಯವರೆಗೆ. ಅವನು ಕಿರುಚಿದ ಕಿರುಚು ನನ್ನ ಕಿವಿಯಲ್ಲಿ ಈಗಲೂ ಇದೆ. ಕೈಯೂರಿ ಎದ್ದೇಳಲು ಹೋದ, ಊರಿದ ಕೈಯ ಕೆಳಗಿನ ಹುಲ್ಲೂ ಕುಸಿಯಿತು. ಒದ್ದಾಡಿದಷ್ಟೂ ಇಳಿಯುತ್ತಿದ್ದ. ಅವನ ಸುತ್ತ ಹಳದಿ ಹೊಗೆ ಏಳತೊಡಗಿತು.

ಆಗ ಅವ್ವ ಕೂಗಿದಳು. ಎಮ್ಮೆಯ ಹಗ್ಗ ಕೈಯಲ್ಲೇ ಇತ್ತು. ಅಷ್ಟು ದೊಡ್ಡ ದನಿ ಅವಳಿಗೆ ಎಲ್ಲಿಂದ ಬಂತೋ.

"ಮಕ್ಕೋ! ಕೆರಿ ಕೆಸರಾಗ ಸಿಕ್ಕಂಗ ಮಕ್ಕೋಳಲೇ!"

ನಾವು ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಕೆರೆ ಬತ್ತಿ ಹೂಳು ಉಳಿಯುತ್ತಿತ್ತು, ಅಲ್ಲಿ ಮೀನು ಹಿಡಿಯುವುದನ್ನು ನೋಡಲು ಓಡುತ್ತಿದ್ದೆವು. ಹೂಳಿನಲ್ಲಿ ಕಾಲು ಸಿಕ್ಕರೆ ನಿಂತು ಎಳೆದಾಡಬಾರದು, ಮೈ ಚಾಚಿ ಮಲಗಬೇಕು ಎಂದು ಅವ್ವ ಬೆನ್ನಿಗೆ ಗುದ್ದಿ ಗುದ್ದಿ ಕಲಿಸಿದ್ದಳು. ಇಪ್ಪತ್ತೊಂಬತ್ತರ ಗಂಡಸು ಆ ದನಿಗೆ ಮಗುವಿನ ಹಾಗೆ ಮೈ ಚಾಚಿದ. ಎರಡೂ ಕೈ ಅಗಲಿಸಿ, ಎದೆಯನ್ನು ಹುಲ್ಲಿಗೆ ಒತ್ತಿ ಬೋರಲು ಬಿದ್ದ. ಇಳಿಯುವುದು ನಿಂತಿತು.

ನಾನು ಏಣಿ ಹತ್ತಿದ್ದು ನನಗೆ ಸರಿಯಾಗಿ ನೆನಪಿಲ್ಲ. ಅವ್ವ ಕೆಳಗಿನಿಂದ ಹಗ್ಗ ಎಸೆದಳು, ನಾನು ಅವನತ್ತ ಎಸೆದೆ, ಅವನು ಕೈಗೆ ಸುತ್ತಿಕೊಂಡ. ಎಳೆದೆ. ಪಕ್ಕದ ಮನೆಯವರು ಅಷ್ಟರಲ್ಲಿ ಬಂದಿದ್ದರು, ಹಗ್ಗದ ಇನ್ನೊಂದು ತುದಿ ಅವರು ಹಿಡಿದರು. ತಮ್ಮ ಹೊಟ್ಟೆಯ ಮೇಲೆ ತೆವಳುತ್ತ, ಕಾಲು ಕಿತ್ತುಕೊಂಡು, ಅಂಚಿಗೆ ಬಂದ. ಅವನು ಮತ್ತು ನಾನು ಒಟ್ಟಿಗೇ ಜಾರಿ ನೆಲಕ್ಕೆ ಬಿದ್ದೆವು. ಎದ್ದು ಹತ್ತು ಮಾರು ಹೋಗಿರಲಿಲ್ಲ, ಅವನ ಕಾಲು ಹೂತಿದ್ದ ತೂತಿನಿಂದ ಭಗ್ ಎಂದು ಜ್ವಾಲೆ ಎದ್ದಿತು. ಅದೇ ಹೊತ್ತಿಗೆ ಅವ್ವನ ಬಾಳೆಯ ಗವಿಯಿಂದಲೂ ಒಂದು. ಬೆಳಿಗ್ಗೆ ನಾನು ಬೆನ್ನು ಕೊಟ್ಟು ಚಹಾ ಕುಡಿದ ಜಾಗ ಅದು.

ಶುಂಠಿಗೆ ನೀರು ಹಾಯಿಸುವ ಪಂಪಿನಿಂದ ಕೊಟ್ಟಿಗೆಯ ಹಂಚಿನ ಮೇಲೆ ನೀರು ಬಿಟ್ಟು ಅದನ್ನು ಉಳಿಸಿಕೊಂಡೆವು. ಅಗ್ನಿಶಾಮಕದವರು ಬರುವ ಹೊತ್ತಿಗೆ ಬಣವೆಯ ಜಾಗದಲ್ಲಿ ಕಪ್ಪು ಗುಡ್ಡೆ ಇತ್ತು. ತಮ್ಮನ ಬಲಗಾಲು, ಪಾದದಿಂದ ಮೊಣಕಾಲಿನವರೆಗೆ, ನೋಡುವ ಹಾಗಿರಲಿಲ್ಲ. ಅವ್ವ ಅದರ ಮೇಲೆ ನೀರು ಹೊಯ್ಯುತ್ತಲೇ ಇದ್ದಳು, ಬಾಯಲ್ಲಿ ಶಿವಾ ಶಿವಾ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ.

ಶಿರಸಿಯ ಆಸ್ಪತ್ರೆಗೆ ಸೇರಿಸಿದೆವು. ಕಾಲು ಉಳಿಯುತ್ತದೆ, ಆದರೆ ಗಾಯಕ್ಕೆ ಸೋಂಕು ತಗಲದಂತೆ ನೋಡಬೇಕು, ಜ್ವರ ಬಂದರೆ ತಕ್ಷಣ ತಿಳಿಸಿ ಎಂದರು ಡಾಕ್ಟರು. ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಜೀವಿಗಳು ಬದಲಾದವು, ಭಯ ಅದೇ. ಈಗಿನವು ಮೈಬಿಸಿಯಲ್ಲೇ ಸುಖಪಡುವ ಜಾತಿ, ಅವಕ್ಕೆ ನನ್ನ ತಮ್ಮನ ಕಾಲೇ ಹಸಿ ಹುಲ್ಲು. ಕಾಲೇಜಿಗೆ ರಜೆ ಹಾಕಿ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತೆ. ಅವನ ಹಣೆ ಮುಟ್ಟಿ ನೋಡುವುದು, ಕತ್ತು ಮುಟ್ಟಿ ನೋಡುವುದು, ನರ್ಸನ್ನು ಕರೆಯುವುದು. ಕರೆದಾಗಲೆಲ್ಲ ಅವಳು ಥರ್ಮಾಮೀಟರ್ ಇಟ್ಟು, ಏನಿಲ್ಲ ಅಂದು ಹೋಗುತ್ತಿದ್ದಳು. ಆ ಮಾತನ್ನು ನಾನು ನಂಬುತ್ತಿರಲಿಲ್ಲ. ಬಾಳೆ ಬೇಯುತ್ತಿದ್ದಾಗಲೂ ಎಲ್ಲರೂ ಏನಿಲ್ಲ ಅಂದಿದ್ದರು.

ಒಂದು ಮಧ್ಯಾಹ್ನ ತಮ್ಮ ನಿದ್ದೆಯಲ್ಲಿದ್ದ. ಹೊರಗಿನ ಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಿದ್ದಿತ್ತು. ಅವನ ತೋಳು ಮುಟ್ಟಿದೆ, ಬಿಸಿಯಿತ್ತು. ಎದೆ ಮುಟ್ಟಿದೆ, ಅಲ್ಲೂ ಬಿಸಿ. ಕೈ ತೆಗೆಯದೆಯೇ ಎದ್ದು ನಿಂತೆ. "ಅವ್ವಾ, ಮೈ ಸುಡ್ತೈತಿ. ಇವನ ಮೈ ಸುಡ್ತೈತಿ" ಎಂದೆ.

ಅವ್ವ ಮೂಲೆಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು. ತೊಟ್ಟಿಲ ಕಾರ್ಯ ಮುಂದಕ್ಕೆ ಹೋಗಿತ್ತು. ತಮ್ಮನ ಹೆಂಡತಿ ಸಂಜೆ ಕೂಸನ್ನು ಕರೆದುಕೊಂಡು ಬರುವವಳಿದ್ದಳು. ಅವ್ವ ಎದ್ದು ಬಂದು ಅಂಗೈಯನ್ನು ಅವನ ಎದೆಯ ಮೇಲಿಟ್ಟಳು. ಅಪ್ಪ ಸಲಾಕೆಯ ತುದಿ ಇಟ್ಟುಕೊಳ್ಳುತ್ತಿದ್ದರಲ್ಲ, ಅಷ್ಟೇ ನಿಧಾನವಾಗಿ, ಲಕ್ಷ್ಯಕೊಟ್ಟು. ಆಮೇಲೆ ನನ್ನ ಕಡೆ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ.

"ಜ್ವರ ಅಲ್ಲ ಬಿಡವಾ. ಜೀವ ಇದ್ದ ಮೈ ಅದು. ಬಿಸಿ ಇರದ ಮತ್ತೇನಿರ್ತೈತಿ?"

ತಮ್ಮ ಕಣ್ಣು ಬಿಟ್ಟಿದ್ದ. ನಮ್ಮಿಬ್ಬರ ಕೈಯೂ ತನ್ನ ಎದೆಯ ಮೇಲಿರುವುದನ್ನು ನೋಡಿದ. ತುಟಿ ಒಣಗಿತ್ತು, ಆದರೂ ಚೇಷ್ಟೆ ಬಿಡಲಿಲ್ಲ.

"ಸಲಾಕಿ ಚುಚ್ಚಿ ನೋಡ್ತಿ ಏನ ಅಕ್ಕ? ಗೇಟಿನಿಂದ ಬಿಚ್ಚಿ ತರಸ್ತೀನಿ."

ಅವನ ತೋಳಿಗೆ ಒಂದು ಕೊಟ್ಟೆ. ಕೊಟ್ಟ ಕೈಯನ್ನು ತೆಗೆಯಲಿಲ್ಲ, ಅಲ್ಲೇ ಇಟ್ಟುಕೊಂಡು, ಸ್ಟೂಲಿನಲ್ಲಿ ಕೂತು ಅತ್ತೆ. ಕೈಗೆ ಬೆಚ್ಚಗೆ ತಾಗುತ್ತಿತ್ತು. ತಮ್ಮನ ಹೆಂಡತಿ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬರುವವರೆಗೂ ನಾನು ಹಾಗೇ ಕೂತಿದ್ದೆ.